ಮಾಸ್ತರ ಟ್ಯಾಂಕಿ, ಕಾಕಾನ ಲಂಗರು

ರಾತ್ರಿ ಎರಡೂವರೆಗೆ ನಮ್ಮ ಮನೆ ಸರಿಯಿತು. ಅಂದರೆ ಕಾಕಾ ಹಾಗಂದರು. ಸರಿದಿಲ್ಲ ಅಂತ ಖಾತ್ರಿಯಾಗುವಷ್ಟರಲ್ಲಿ ಓಣಿಯ ನಾಲ್ಕಾರು ಮಾಳಿಗೆಗಳ ಮೇಲೆ ಜನ ಎದ್ದು ಕೂತಿದ್ದರು, ನಾಯಿಗಳೆಲ್ಲ ಬೊಗಳುತ್ತಿದ್ದವು. ಈಗ ಬೆಳಗಿನ ಏಳು ಗಂಟೆ. ಎರಡು ಚಹಾ ಆಯಿತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಕಾ ಸರಕಿನ ಹಡಗುಗಳ ಇಂಜಿನ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ನಮ್ಮ ಕಡೆ ರಿಟೈರ್ ಆದವರು ಸೇಡಂ ರೋಡಿನ ಕಡೆ ಒಂದು ಪ್ಲಾಟ್ ತಗೊಳ್ಳುತ್ತಾರೆ. ಇವರು 34 ಅಡಿಯ ಹಳೇ ಹಾಯಿದೋಣಿ ತಗೊಂಡರು. ಅದು ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ, ಕುವಾ ಅನ್ನುವ ಊರಿನ ಎದುರು, ಲಂಗರು ಹಾಕಿ ನಿಂತಿರುತ್ತದೆ. ಮನೆ, ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ಈಗ ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಣ್ಣ ಹಚ್ಚಲಿಕ್ಕೆ ದೋಣಿಯನ್ನು ದಡಕ್ಕೆ ಎತ್ತಿಸಿ, ತಾವು ಕಲಬುರಗಿಗೆ ಬಂದಿದ್ದಾರೆ. ಮೇ ತಿಂಗಳಲ್ಲಿ. 43 ಡಿಗ್ರಿಗೆ.

ಇಲ್ಲಿಂದ ಹತ್ತಿರದ ಸಮುದ್ರಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಕಾಕಾನಿಗೆ ಅದನ್ನು ಯಾರೂ ಹೇಳಿದಂತಿಲ್ಲ.

ನೀರಿನ ವಿಷಯದಲ್ಲಿ ನಾವೇ ಪಂಡಿತರು ಅಂದುಕೊಂಡಿದ್ದೆ. ನಮ್ಮ ಓಣಿಗೆ ಬೇಸಿಗೆಯಲ್ಲಿ ನಳದ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಭೀಮೆ, ಬೆಣ್ಣೆತೊರೆ ಎರಡೂ ತುಂಬಿದ್ದರೂ ಅಷ್ಟೇ, ಬತ್ತಿದರೂ ಅಷ್ಟೇ. ಆದರೆ ಕಾಕಾ ಎರಡು ತಂಬಿಗೆಯಲ್ಲಿ ಸ್ನಾನ ಮುಗಿಸಿ ಹೊರಗೆ ಬಂದಾಗ ನನ್ನ ಪಾಂಡಿತ್ಯ ಅಲ್ಲಿಗೇ ಮುಗಿಯಿತು. ಹೋದ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಎಂಟು ದಿನ ಆ ದೋಣಿಯಲ್ಲಿದ್ದೆವು. ಮೊದಲ ದಿನವೇ ನಾನು ಬಕೆಟ್ ತುಂಬಿಸಿಕೊಂಡು, ವಚನ ಹೇಳಿಕೊಂಡು, ಆರಾಮಾಗಿ ಸ್ನಾನ ಮಾಡಿದ್ದೆ. ದೋಣಿಯ ಟ್ಯಾಂಕಿಯಲ್ಲಿ ಹಿಡಿಯುವುದೇ ಮುನ್ನೂರು ಲೀಟರ್. ಅದು ಮುಗಿದರೆ ಸಣ್ಣ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ, ಕ್ಯಾನುಗಳಲ್ಲಿ ಹೊತ್ತು ತರಬೇಕು. ಮರುದಿನ ಕ್ಯಾನು ಹೊತ್ತವನು ನಾನೇ. ದಾರಿಯಲ್ಲಿ ಒಂದು ಅಲೆ ಬಂದು ಪ್ಯಾಂಟಿನ ಹಿಂಭಾಗ ಪೂರ್ತಿ ಒದ್ದೆ. ಆ ಎಂಟು ದಿನ ನಾನು ಒಣಗಿದ ಪ್ಯಾಂಟ್ ಹಾಕಿದ ನೆನಪಿಲ್ಲ. ದೋಣಿಯ ತಗ್ಗು ಮಾಡಿಗೆ ತಲೆ ಬಡಿಸಿಕೊಂಡ ಲೆಕ್ಕವೂ ಇಲ್ಲ.

ಅಲ್ಲಿ ಪಾತ್ರೆಯನ್ನು ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಒಂದೇ ಲೋಟ ಸಿಹಿನೀರಲ್ಲಿ ಜಾಲಿಸುತ್ತಾರೆ. ಇಲ್ಲಿ ಬಂದ ಎರಡನೇ ದಿನವೇ ಕಾಕಾ ಅಡುಗೆಮನೆಯಲ್ಲಿ ಕಾನೂನು ಮಾಡಿದರು: "ಬೋರಿನ ನೀರು ಅಂದ್ರ ಸಮುದ್ರ. ನಳದ ನೀರು ಅಂದ್ರ ಟ್ಯಾಂಕಿ." ನನ್ನ ಹೆಂಡತಿ ಒಪ್ಪಿದಳು. ನಮ್ಮ ಬೋರಿನ ನೀರು ಕುಡಿದವರಿಗೆ ಈ ಹೋಲಿಕೆಯಲ್ಲಿ ತಪ್ಪು ಕಾಣುವುದಿಲ್ಲ.

ಇನ್ವರ್ಟರ್ ವಿಷಯಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ಕಾಕಾ ನಮ್ಮೂರ ಪೇಟೆ ಸೂಪರ್ ಮಾರ್ಕೆಟ್‌ಗೆ ಹೋಗಿ ಒಂದು ವೋಲ್ಟ್ ಮೀಟರ್ ತಂದು ಬ್ಯಾಟರಿಗೆ ಹಚ್ಚಿದ್ದಾರೆ. ಕರೆಂಟ್ ಹೋದರೆ ಅದರ ಮುಂದೆ ಕೂರುತ್ತಾರೆ. "12.2 ಬಂತು. ಅರ್ಧ ಖಾಲಿ ಆದಂಗ. ಇದಕ್ಕಿಂತ ಕೆಳಗ ಇಳಿಸಿದ್ರ ಬ್ಯಾಟರಿ ಸಾಯ್ತದ. ಫ್ಯಾನ್ ಬಂದ್ ಮಾಡ್ರಿ."

"ಫ್ಯಾನ್ ಬಂದ್ ಮಾಡಿದ್ರ ನಾವು ಸಾಯ್ತೀವ್ರೀ ಕಾಕಾ" ಅಂದಳು.

ಇದೆಲ್ಲ ತಡೆದುಕೊಂಡೆವು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವಲ್ಲ, ಅಲ್ಲಿ ಕಾಕಾ ಒಂದು ಕೋಲು ನಿಲ್ಲಿಸಿ ತುದಿಗೆ ಬಿಳಿ ದೀಪ ಕಟ್ಟಿದರು. ಲಂಗರು ಹಾಕಿ ನಿಂತ ದೋಣಿ ರಾತ್ರಿ ಬಿಳಿ ದೀಪ ತೋರಿಸಬೇಕಂತೆ, ಕತ್ತಲಲ್ಲಿ ಬೇರೆ ಹಡಗು ಬಂದು ಗುದ್ದಬಾರದಲ್ಲ. ನಮ್ಮ ಮನೆಗೆ ಹಡಗು ಬಂದು ಗುದ್ದಲಿಲ್ಲ ನಿಜ. ಊರಿನ ಹುಳಗಳೆಲ್ಲ ಬಂದು ಗುದ್ದಿದವು. ದೀಪ ಇಳಿಸಿದ್ದಾಯಿತು.

ಆದರೆ ಸಾಲು ನೋಡುವ ಚಟ ಬಿಡಿಸಲಿಕ್ಕೆ ಆಗಲಿಲ್ಲ.

ಅದೇನಂದರೆ, ಆರು ಮೀಟರ್ ಆಳವಿದ್ದರೆ ಕನಿಷ್ಠ ಮೂವತ್ತು ಮೀಟರ್ ಸರಪಳಿ ಬಿಡಬೇಕು. ಸರಪಳಿ ತಳದಲ್ಲಿ ಮಲಗಿದ್ದರೇ ಲಂಗರು ಕೆಸರಲ್ಲಿ ಕಚ್ಚಿ ಕೂರುವುದು. ಗಾಳಿ ಜೋರಾದರೆ ಅದು ಕಿತ್ತು ಬಂದು, ದೋಣಿ ಸದ್ದಿಲ್ಲದೆ ಜಾರುತ್ತದೆ. ಒಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ದಡದ ಮೇಲೆ ಎರಡು ಗುರುತು ಹಿಡಿಯಬೇಕು, ಒಂದು ಹತ್ತಿರ, ಒಂದು ದೂರ. ಎರಡೂ ಒಂದೇ ಸಾಲಿನಲ್ಲಿದ್ದರೆ ನೀವು ಪಕ್ಕಕ್ಕೆ ಸರಿದಿಲ್ಲ. ಲಂಕಾವಿಯ ಕಡೆಯ ಮಲಾಕ್ಕಾ ಜಲಸಂಧಿಯಲ್ಲಿ 'ಸುಮಾತ್ರಾ' ಅಂತ ಒಂದು ಗಾಳಿಮಳೆ ಇದೆ. ಬರುವುದು ಹೆಚ್ಚಾಗಿ ರಾತ್ರಿ, ಬೆಳಗಾಗುವ ಮುಂಚೆ. ಆದ್ದರಿಂದ ಕಾಕಾ ಇಷ್ಟು ವರ್ಷ ಎರಡೂವರೆಗೆ ತಾನಾಗೇ ಏಳುತ್ತಾರೆ. ಅಲ್ಲಿ ಕುವಾದ ದೊಡ್ಡ ಹದ್ದಿನ ಪ್ರತಿಮೆ ಒಂದು ಗುರುತು.

ಇಲ್ಲಿಗೆ ಬಂದ ದಿನ ಸಂಜೆ ಮಾಳಿಗೆ ಮೇಲೆ ನಿಂತು ಬಹಳ ಹೊತ್ತು ಹುಡುಕಿದರು. "ಅಪ್ಪನ ಗುಡಿ ಶಿಖರ ಕಾಣ್ತಿತ್ತಲ್ಲ ಇಲ್ಲಿಂದ?" ಅಂದರು. ಶರಣಬಸವೇಶ್ವರ ಗುಡಿಯ ಕಡೆ ಈಗ ಮೂರಂತಸ್ತಿನ ಮನೆ ಎದ್ದಿದೆ. ಬೇವಿನ ಗಿಡ ಕೇಳಿದರು. ರಸ್ತೆಗೆ ಹೋಯಿತು ಅಂದೆ. ಸಣ್ಣವರಿದ್ದಾಗ ಅಜ್ಜ ಇದೇ ಮಾಳಿಗೆಯಲ್ಲಿ ಎತ್ತಿಕೊಂಡು ಕೋಟೆ ತೋರಿಸುತ್ತಿದ್ದರಂತೆ. ಕೋಟೆಯ ಕಡೆ ಈಗ ಜಾಹೀರಾತಿನ ಫಲಕ. ಕಾಕಾ ಏನೂ ಮಾತಾಡದೆ ಸ್ವಲ್ಪ ಹೊತ್ತು ಪ್ಯಾರಾಪೆಟ್ ಹಿಡಿದು ನಿಂತಿದ್ದರು. ಕೊನೆಗೆ ಎದುರುಮನೆ ಮಾಸ್ತರ ಸಿಂಟೆಕ್ಸ್ ಟ್ಯಾಂಕಿ ಹತ್ತಿರದ ಗುರುತು, ಅದರ ಹಿಂದಿನ ಮೊಬೈಲ್ ಟವರ್ ದೂರದ ಗುರುತು ಅಂತ ಆಯಿತು.

ಅಲ್ಲಿಂದ ಹನ್ನೊಂದು ರಾತ್ರಿ ಇದೇ ಕಥೆ. ಎರಡೂವರೆಗೆ ಚಾಪೆ ಸದ್ದು. ಕಾಕಾ ಏಳುತ್ತಾರೆ. ಲುಂಗಿ ಬಿಗಿ ಮಾಡುತ್ತಾರೆ. ಮೂಲೆಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ಬಂದು ನನ್ನ ಭುಜ ತಟ್ಟಿ ಎಬ್ಬಿಸಿ ಹೇಳುತ್ತಾರೆ: "ಹಿಡ್ಕೊಂಡದ. ಮಲ್ಕೋ."

ಮಲಗಿದ್ದವನನ್ನು ಎಬ್ಬಿಸಿ ಮಲ್ಕೋ ಅನ್ನುವುದು ಯಾವ ನ್ಯಾಯ ಹೇಳಿ? ಹೇಳಿದರೆ, ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ತಿಳಿದಿರಬೇಕು, ಅದು ಹಡಗಿನ ಪದ್ಧತಿ ಅಂತಾರೆ.

ನಿನ್ನೆ ರಾತ್ರಿ ಗಾಳಿ ಎದ್ದಿತ್ತು. ಧೂಳು, ದೂರದಲ್ಲಿ ಮಿಂಚು, ಮಳೆ ಮಾತ್ರ ಇಲ್ಲ. ಎರಡೂವರೆಗೆ ಚಾಪೆ ಸದ್ದು. ಭುಜ ತಟ್ಟುವುದನ್ನೇ ಕಾಯುತ್ತಿದ್ದೆ. ಬಂದದ್ದು ಕೂಗು.

"ತಮ್ಮಾ, ಏಳು! ಸರ್ದದ! ಟ್ಯಾಂಕಿ ಎಡಕ್ಕ ಹೋಗ್ಯದ, ಅಂದ್ರ ನಾವು ಬಲಕ್ಕ ಹೊಂಟೀವಿ!"

ಹೆಂಡತಿ ದಿಂಬು ಹಿಡಿದು ಎದ್ದಳು. ನಾನೂ ಎದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕಣ್ಣು ಮುಚ್ಚಿ ನೋಡಿದೆ. ಟ್ಯಾಂಕಿ ನಿಜಕ್ಕೂ ಎಡಕ್ಕಿತ್ತು! ಒಂದು ಕ್ಷಣ ಕಾಲ ಕೆಳಗಿನ ಮಾಳಿಗೆ ಜಾರಿದಂತಾಯಿತು. ಪಕ್ಕದ ಮನೆಯವರು "ಯಾರ್ ಮನಿ ಸರ್ದದ್ರೀ?" ಅಂತ ಬ್ಯಾಟರಿ ಬಿಟ್ಟರು. ಅಷ್ಟರಲ್ಲಿ ಎದುರು ಮಾಳಿಗೆಯಿಂದ ಮಾಸ್ತರ ದನಿ ಬಂತು. ಹಳೇ ಟ್ಯಾಂಕಿ ಬಿಸಿಲಿಗೆ ಸೀಳಿತ್ತಂತೆ. ಸಂಜೆ ಹೊಸದು ತಂದು ಎರಡು ಅಡಿ ಪಕ್ಕಕ್ಕೆ ಕೂರಿಸಿದ್ದಾರೆ.

ಕಾಕಾ ತಪ್ಪಾಯಿತು ಅಂದರಾ? ಇಲ್ಲ. "ಗುರ್ತು ಬದಲ್ ಮಾಡಿದ್ರ ಮೊದಲ ಹೇಳಬೇಕ್ರೀ ಮಾಸ್ತರ. ದೀಪಸ್ತಂಭ ಬದಲ್ ಆದ್ರ ನಾವಿಕರಿಗೆಲ್ಲ ನೋಟಿಸ್ ಕೊಡ್ತಾರ" ಅಂತ ಅಲ್ಲಿಂದಲೇ ಜಗಳಕ್ಕೆ ನಿಂತರು.

ಬೆಳಗ್ಗೆ ಆರಕ್ಕೆ ಮಾಸ್ತರು ಬಾಗಿಲು ಬಡಿದರು. ಜಗಳ ಅಂದುಕೊಂಡೆ. ಅವರು ಕಾಕಾನ ಕೈ ಹಿಡಿದು ಕರಕೊಂಡು ಹೋದರು. ಅವರ ಮಲಗುವ ಕೋಣೆಯ ಗೋಡೆ ಮೇಲಿಂದ ಕೆಳಗಿನ ತನಕ ಬಿರುಕು ಬಿಟ್ಟಿದೆ. ಪಕ್ಕದಲ್ಲಿ ಪೆನ್ಸಿಲ್ ಗೆರೆ, ಗೆರೆಗೊಂದು ತಾರೀಖು.

"ನೀವು ರಾತ್ರಿ ಅಂದಿದ್ದು ಸುಳ್ಳಲ್ರೀ. ಎರಿ ಭೂಮಿ. ಬೇಸಿಗ್ಯಾಗ ಬಿರೀತದ, ಮಳಿಗಾಲದಾಗ ಉಬ್ಬತದ. ನಮ್ಮ ಮನಿಗಳು ಖರೇನೇ ಸರೀತಾವ. ಯಾರೂ ನಂಬಂಗಿಲ್ಲ."

ಕಾಕಾ ಬಿರುಕಿನ ಮೇಲೆ ಬೆರಳಾಡಿಸಿದರು. ಇಷ್ಟು ದಿನಕ್ಕೆ ತಮ್ಮ ಮಾತು ತಿಳಿಯುವ ಒಬ್ಬ ಮನುಷ್ಯ ಸಿಕ್ಕ ಮುಖ. ಆ ಗೋಡೆಗೂ ಎರಡು ಗುರುತು ಹಿಡಿಯೋಣ ಅಂದರು. ಮಾಸ್ತರು ಹೊಸ ಪೆನ್ಸಿಲ್ ಹುಡುಕಲಿಕ್ಕೆ ಹೋದರು.

"ಒಂದ್ ದೊಡ್ ಮಳಿ ಆಗ್ಲಿ, ಎಷ್ಟ್ ಸರೀತದ ನೋಡಮು. ಅಲ್ಲೀ ತನಕ ಇರ್ರಿ" ಅಂದರು ಮಾಸ್ತರು.

ಮನೆಗೆ ಬಂದ ಕಾಕಾ ಚಹಾ ಕುಡಿಯುತ್ತಾ ಕೇಳಿದರು: "ತಮ್ಮಾ, ವಿಮಾನದ ಟಿಕೆಟ್ ಮುಂದಕ್ಕ ಹಾಕ್ಲಕ್ಕ ಎಷ್ಟ್ ತಗೋತಾರ?"

ನಾನು ಬಾಯಿ ತೆಗೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು.

"ಭಾಳ ತಗೋತಾರ್ರೀ ಕಾಕಾ!"