ಪರದೆಯ ಮೇಲೆ 3.2 ಮೀಟರ್

ರಾತ್ರಿ ಹನ್ನೊಂದಕ್ಕೆ ಓವರ್‌ಹೆಡ್ ಟ್ಯಾಂಕಿನ ಮಟ್ಟ 3.2 ಮೀಟರ್. ಒಂದು ಗಂಟೆಗೂ 3.2. ಮೂರಕ್ಕೂ ಅದೇ. ಕೆಳಗೆ ಪಂಪು ಓಡ್ತಾನೇ ಇದೆ, ಊರೆಲ್ಲ ಮಲಗಿದೆ, ಆದರೂ ಮಟ್ಟ ಒಂದು ಸೆಂಟಿಮೀಟರೂ ಏರಿಲ್ಲ. ಗಂಟೆಗೊಂದು ಸಲ ಆ ಅಂಕಿಯನ್ನು ಲಾಗ್‌ಬುಕ್ಕಿಗೆ ಇಳಿಸಿದವನು ನಾನೇ. ಅನುಮಾನ ಬರಲಿಲ್ಲ. ಮೂರೂವರೆಗೆ ವಾಲ್‌ಮ್ಯಾನ್ ಫೋನ್ ಮಾಡಿದರು: "ಸಾರ್, ಟ್ಯಾಂಕ್ ತುಂಬಿ ಹರೀತಾ ಐತೆ, ಕೆಳಗಡೆ ಮನೆಗಳ ಅಂಗಳಕ್ಕೆಲ್ಲ ನೀರು ನುಗ್ಗೈತೆ."

ಬೆಳಗ್ಗೆ ಏಣಿ ಹತ್ತಿ ನೋಡಿದರೆ ಅಲ್ಟ್ರಾಸಾನಿಕ್ ಸೆನ್ಸರಿನ ಮುಖದ ತುಂಬ ನೀರಹನಿ, ಅದರ ಮೇಲೆ ಧೂಳು. ಈ ಸೆನ್ಸರ್ ಶಬ್ದದ ಅಲೆ ಕಳಿಸುತ್ತೆ, ಅದು ನೀರಿಗೆ ಬಡಿದು ವಾಪಸ್ ಬರೋ ಹೊತ್ತು ಅಳೆದು ಮಟ್ಟ ಲೆಕ್ಕ ಹಾಕುತ್ತೆ. ಅಲೆ ವಾಪಸ್ ಬಾರದಿದ್ದರೆ ಏನು ತೋರಿಸಬೇಕು ಅನ್ನೋದನ್ನು ಸೆಟ್ ಮಾಡಬೇಕಾದವರು ನಾವು. ನಮ್ಮದರಲ್ಲಿ ಕೊನೆಯ ಅಂಕಿಯನ್ನೇ ಹಿಡಿದುಕೊಳ್ಳುವ ಹಾಗೆ ಬಿಟ್ಟಿದ್ದರು. ಅಳವಡಿಸಿದವರು ಬದಲಿಸಿರಲಿಲ್ಲ, ಆಮೇಲೆ ಬಂದ ನಾವ್ಯಾರೂ ತೆರೆದು ನೋಡಿರಲಿಲ್ಲ. ಬಟ್ಟೆ ತಗೊಂಡು ಒರೆಸಿದೆ, ಅಂಕಿ 4.6ಕ್ಕೆ ಜಿಗಿಯಿತು.

ಈ ಕಸುಬಿನ ಹಿರಿಯರು ಎಷ್ಟು ಮುಂದಾಲೋಚನೆ ಮಾಡಿದ್ದಾರೆ ನೋಡಿ. ಸೆನ್ಸರಿನಿಂದ ಪಿಎಲ್‌ಸಿಗೆ, ಅಂದರೆ ಪಂಪು-ವಾಲ್ವ್‌ಗಳನ್ನು ನಡೆಸೋ ಪುಟ್ಟ ಕಂಪ್ಯೂಟರಿಗೆ, ಬರೋ ಕರೆಂಟು 4ರಿಂದ 20 ಮಿಲಿಆಂಪ್. ಖಾಲಿ ಟ್ಯಾಂಕಿಗೆ ಸೊನ್ನೆ ಇಡದೆ 4 ಇಟ್ಟಿದ್ದಾರೆ. ಸೊನ್ನೆ ಬಂತು ಅಂದರೆ ತಂತಿ ತುಂಡಾಗಿದೆ, ಟ್ಯಾಂಕ್ ಖಾಲಿಯಾಗಿದ್ದಲ್ಲ ಅಂತ ತಕ್ಷಣ ಗೊತ್ತಾಗಲಿ ಅಂತ. ಅಲೆ ತಪ್ಪಿದಾಗಲೂ ಕರೆಂಟು 4ಕ್ಕಿಂತ ಕೆಳಗಿಳಿದು ಅಲಾರಾಂ ಹೊಡೆಯೋ ಹಾಗೆ ಮಾಡೋಕೆ ಐದು ನಿಮಿಷದ ಕೆಲಸ.

ಆ ಐದು ನಿಮಿಷದ ಕೆಲಸ ಯಾರದು ಅನ್ನೋದೇ ನನ್ನ ಪ್ರಶ್ನೆ. ಇದನ್ನೆಲ್ಲ ಒಂದೇ ಪರದೆಯಲ್ಲಿ ನೋಡಿ ನಡೆಸೋ ಸ್ಕಾಡಾ ವ್ಯವಸ್ಥೆ ಹಾಕೋಕೆ ಟೆಂಡರ್ ಆಗುತ್ತೆ, ಉದ್ಘಾಟನೆ ಆಗುತ್ತೆ. ಸೆನ್ಸರ್ ಒರೆಸೋಕೆ, ಅದರ ಅಳತೆ ಸರಿಹೊಂದಿಸಿ ಕ್ಯಾಲಿಬ್ರೇಟ್ ಮಾಡೋಕೆ, ಪ್ರೋಗ್ರಾಮಿನ ಬ್ಯಾಕಪ್ ತೆಗೆದಿಡೋಕೆ ಯಾರ ಹೆಸರೂ ಇರಲ್ಲ. ನಾನಿದ್ದ ಒಂದು ಕಡೆ ನಿರ್ವಹಣೆ ಒಪ್ಪಂದ ಮುಗಿದ ದಿನ ಪಿಎಲ್‌ಸಿ ಪಾಸ್‌ವರ್ಡ್ ಗುತ್ತಿಗೆದಾರರ ಲ್ಯಾಪ್‌ಟಾಪಿನ ಜೊತೆಗೇ ಹೋಯ್ತು. ಆರು ತಿಂಗಳಲ್ಲಿ ಪ್ಯಾನೆಲ್ ಸ್ವಿಚ್‌ಗಳೆಲ್ಲ ಮ್ಯಾನುವಲ್‌ಗೆ ತಿರುಗಿದ್ದವು.

ಆಟೋಮೇಷನ್ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಬೆಂಗಳೂರಿಗೆ ಕಾವೇರಿ ಬರೋದು ಸುಮಾರು 100 ಕಿ.ಮೀ. ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಎತ್ತಬೇಕು. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ಅಂಥ ಪೈಪಿನಲ್ಲಿ ಕರೆಂಟು ಹೋಗಿ ಪಂಪುಗಳು ಒಮ್ಮೆಲೇ ನಿಂತರೆ ನೀರು ಹಿಂದಕ್ಕೆ ಬಂದು ಬಡಿಯೋ ಏಟಿಗೆ ಪೈಪೇ ಒಡೆಯಬಹುದು. ಕೈಯಲ್ಲಿ ವಾಲ್ವ್ ತಿರುಗಿಸಿ ಅದನ್ನು ತಡೆಯೋಕಾಗಲ್ಲ. ತಾನಾಗೇ ಕೆಲಸ ಮಾಡೋ ವ್ಯವಸ್ಥೆ ಬೇಕೇ ಬೇಕು.

ಬೇಕು ಅಂದಮೇಲೆ ನೋಡಿಕೊಳ್ಳಲೂಬೇಕು. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾದಲ್ಲಿ ನೀರಿನ ಒತ್ತಡ ಕಾಯೋ ಒಂದು ಸ್ಟೇಷನ್ನಿನ ಪಿಎಲ್‌ಸಿಗೆ ಹ್ಯಾಕರ್‌ಗಳು ನುಗ್ಗಿದರು. ಅದೇ ಕಂಪನಿಯ ಪಿಎಲ್‌ಸಿ ಬಳಸೋರಿಗೆಲ್ಲ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಮೊದಲು ಹೇಳಿದ್ದು 1111 ಅನ್ನೋ ಪಾಸ್‌ವರ್ಡ್ ಬದಲಿಸಿ ಅಂತ. ಪೆಟ್ಟಿಗೆಯಿಂದ ತೆಗೆದಾಗ ಇದ್ದ ಪಾಸ್‌ವರ್ಡ್ ಅದು! ಅಲಿಕ್ವಿಪ್ಪಾದಲ್ಲಿ ಜನರಿಗೆ ತೊಂದರೆಯಾಗಲಿಲ್ಲ. ಅಲಾರಾಂ ಬಂದ ತಕ್ಷಣ ಸಿಬ್ಬಂದಿ ಹೋಗಿ ಮ್ಯಾನುವಲ್‌ನಲ್ಲಿ ಪಂಪು ನಡೆಸಿದರು. ಕೈಯಲ್ಲಿ ನಡೆಸೋದು ಗೊತ್ತಿದ್ದವರು ಅಲ್ಲಿ ಇದ್ದರು.

ಕ್ಲೋರಿನ್ ವಿಷಯಕ್ಕೆ ನನಗೆ ಇನ್ನೂ ಭಯ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರಿನ್ ಅಳೆಯೋ ಅನಲೈಸರಿನ ಎಲೆಕ್ಟ್ರೋಡ್ ಹಳತಾದರೆ ಅದು ಸುಳ್ಳು ಹೇಳುತ್ತೆ, ಕ್ಲೋರಿನ್ ಬೆರೆಸೋ ಡೋಸಿಂಗ್ ಪಂಪು ಆ ಸುಳ್ಳನ್ನೇ ನಂಬುತ್ತೆ. ಅದಕ್ಕೇ ನನ್ನ ಪಾಳಿಯಲ್ಲಿ ಕೈಯಲ್ಲೇ ಕ್ಲೋರಿನ್ ಪರೀಕ್ಷಿಸೋ ಕ್ಲೋರೋಸ್ಕೋಪ್ ಟ್ಯೂಬಿನ ಹಳದಿ ಬಣ್ಣವನ್ನು ಬೆಳಕಿಗೆ ಹಿಡಿದು ನೋಡದೆ ಯಾರೂ ಅಂಕಿ ಬರೆಯೋ ಹಾಗಿಲ್ಲ.

ಹೋದ ತಿಂಗಳು ರಾತ್ರಿ ಒಂದೂವರೆಗೆ ನಮ್ಮ ಗುತ್ತಿಗೆ ಹುಡುಗ ಫೋನ್ ಮಾಡಿದ. "ಸಾರ್, ಇಪ್ಪತ್ತು ನಿಮಿಷದಿಂದ ಮಟ್ಟದ ಗೆರೆ ಒಂಚೂರೂ ಅಲ್ಲಾಡಿಲ್ಲ. ಪಂಪ್ ನಿಲ್ಲಿಸಿದೀನಿ. ಟಾರ್ಚ್ ತಗೊಂಡು ಟ್ಯಾಂಕ್ ಹತ್ರ ಹೋಗ್ತಾ ಇದೀನಿ." ಅವನಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ. ಮುಂದಿನ ಟೆಂಡರಿನಲ್ಲಿ ಅವನನ್ನೇ ಉಳಿಸಿಕೊಳ್ಳಿ ಅಂತ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.