ಸೇಂಟ್ ಲೂಯಿಸ್: ನಗರ, ಕೌಂಟಿ ಮತ್ತೆ ಒಂದಾಗಬೇಕೇ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಮ್ಮ ಜಿಲ್ಲೆಗಳ ಹಾಗೆ ಕೌಂಟಿಗಳಿವೆ. ಆದರೆ ಅಲ್ಲಿನ ಸೇಂಟ್ ಲೂಯಿಸ್ ನಗರ ಯಾವ ಕೌಂಟಿಗೂ ಸೇರಿಲ್ಲ. ಪೂರ್ವಕ್ಕೆ ಮಿಸಿಸಿಪಿ ನದಿ, ಉಳಿದ ಮೂರೂ ಕಡೆ ಅದೇ ಹೆಸರಿನ ಸೇಂಟ್ ಲೂಯಿಸ್ ಕೌಂಟಿ. 1876ರವರೆಗೆ ಎರಡೂ ಒಂದೇ ಆಗಿದ್ದವು. ಆ ವರ್ಷ ಆಗಸ್ಟ್ 22ರಂದು ಬೇರೆಯಾಗುವ ಪ್ರಶ್ನೆಗೆ ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಪ್ರಸ್ತಾವ ಸೋತಿತ್ತು. ಕಳ್ಳ ಮತದ ದೂರು ಬಂತು, ವಿಷಯ ಕೋರ್ಟಿಗೆ ಹೋಯಿತು, ಮರು ಎಣಿಕೆಯಲ್ಲಿ ಗೆದ್ದಿತು. ಅಲ್ಲಿನವರು ಇದನ್ನು ಇವತ್ತಿಗೂ 'ಮಹಾ ಡಿವೋರ್ಸ್' ಎಂದೇ ಕರೆಯುತ್ತಾರೆ. ಮತ್ತೆ ಕೂಡಿಸಬೇಕೆಂಬ ಜಗಳ ಮುಗಿದೇ ಇಲ್ಲ.

ಪರ: ಈ ಗೆರೆಯಿಂದ ಎಲ್ಲರಿಗೂ ನಷ್ಟ

ಬೇರೆಯಾಗಲು ಹಟ ಹಿಡಿದದ್ದು ನಗರವೇ. ಆಗ ಜನ, ದುಡ್ಡು ಎಲ್ಲ ನಗರದಲ್ಲಿತ್ತು. ತೆರಿಗೆ ಕಟ್ಟುವವರು ನಾವು, ಖರ್ಚು ಮಾಡುವವರು ಕೌಂಟಿಯವರು ಅನ್ನುವ ಸಿಟ್ಟೂ ಇತ್ತು. ಹಾಗಾಗಿ ಕೌಂಟಿಯ ಸಾಲವನ್ನೆಲ್ಲ ತಾನೇ ಹೊತ್ತುಕೊಂಡು ನಗರ ಹೊರಬಂತು. ಹೊರಡುವಾಗ ತನ್ನ ವಿಸ್ತೀರ್ಣವನ್ನು ಸುಮಾರು 47 ಚದರ ಕಿಲೋಮೀಟರ್‌ನಿಂದ 160ಕ್ಕೆ ಏರಿಸಿಕೊಂಡಿತು. ಹೊಸ ಫಾರೆಸ್ಟ್ ಪಾರ್ಕ್ ಒಳಗೆ ಬಂತು. ಪಶ್ಚಿಮದ ಗಡಿಯನ್ನು ಸ್ಕಿಂಕರ್ ರಸ್ತೆಯಿಂದ 600 ಅಡಿ ಆಚೆ ಹಾಕಿದರು. ಅದರಾಚೆ ಹೆಚ್ಚುಕಡಿಮೆ ಹೊಲ, ಕಾಡು. ಇಷ್ಟು ಜಾಗ ಯಾವತ್ತಿಗೂ ಸಾಕು ಅಂದುಕೊಂಡರು.

ಸಾಕಾಗಲಿಲ್ಲ. ಬೇರೆ ಅಮೆರಿಕನ್ ನಗರಗಳು ಬೆಳೆದ ಹಾಗೆಲ್ಲ ಪಕ್ಕದ ಊರುಗಳನ್ನು ಸೇರಿಸಿಕೊಂಡವು. ಸೇಂಟ್ ಲೂಯಿಸ್‌ಗೆ ಆ ದಾರಿ ತಾನೇ ಮುಚ್ಚಿಕೊಂಡಿದ್ದು. 1950ರಲ್ಲಿ ಅಲ್ಲಿ 8,56,796 ಜನ ಇದ್ದರು. 2020ರಲ್ಲಿ ಉಳಿದದ್ದು 3,01,578. ಕೌಂಟಿ ಮಾತ್ರ 10 ಲಕ್ಷ ದಾಟಿದೆ. ಹೆದ್ದಾರಿ ಬಂತು, ಕಾರು ಬಂತು. ಅನುಕೂಲ ಇದ್ದ ಬಿಳಿಯ ಕುಟುಂಬಗಳು ಮೊದಲು ಗಡಿ ದಾಟಿದವು, ಹಿಂದೆಯೇ ಕೆಲಸ, ಅಂಗಡಿಗಳೂ ಹೋದವು. 8 ಲಕ್ಷ ಜನಕ್ಕೆ ಕಟ್ಟಿದ ಬೀದಿ, ಪೈಪು, ಶಾಲೆಗಳನ್ನು ನೋಡಿಕೊಳ್ಳುವ ಭಾರ 3 ಲಕ್ಷ ಜನರ ಮೇಲೆ ಬಿತ್ತು. ಅವರಲ್ಲಿ ಬಡವರೇ ಜಾಸ್ತಿ.

ಕೌಂಟಿ ಗೆದ್ದಿತು ಅಂತಲೂ ಹೇಳಲಾಗದು. ಅದರೊಳಗೆ ಸುಮಾರು 90 ಪುಟ್ಟ ಪುರಸಭೆಗಳಿವೆ. ಚಾಂಪ್ ಎಂಬ 'ಊರಿನಲ್ಲಿ' 2010ರ ಜನಗಣತಿ ಪ್ರಕಾರ ಇದ್ದವರು 13 ಜನ! ನಗು ಬರುತ್ತದೆ ನಿಜ. ಆದರೆ ಫರ್ಗುಸನ್ ಕಥೆ ನಗುವಂಥದ್ದಲ್ಲ. 2014ರಲ್ಲಿ ಮೈಕಲ್ ಬ್ರೌನ್ ಎಂಬ ಹದಿನೆಂಟರ ಕಪ್ಪು ಹುಡುಗನನ್ನು ಪೊಲೀಸ್ ಒಬ್ಬ ಗುಂಡಿಕ್ಕಿ ಕೊಂದ ಊರದು. ಮರುವರ್ಷ ಕೇಂದ್ರ ನ್ಯಾಯ ಇಲಾಖೆಯ ವರದಿ ಬಂದಾಗ ಲೆಕ್ಕ ಹೊರಬಿತ್ತು. ಸುಮಾರು 1.33 ಕೋಟಿ ಡಾಲರ್ ವರಮಾನದಲ್ಲಿ 30 ಲಕ್ಷಕ್ಕೂ ಹೆಚ್ಚು ದಂಡ, ಶುಲ್ಕಗಳಿಂದಲೇ ಬರಬೇಕು ಅಂತ ಆ ಪುರಸಭೆ ಬಜೆಟ್ ಮಾಡಿತ್ತು. ತೆರಿಗೆ ಹುಟ್ಟದ ಪುಟ್ಟ ಊರಿಗೆ ಸ್ವಂತ ಪೊಲೀಸು, ಸ್ವಂತ ಕೋರ್ಟು ಬೇಕು ಅಂದರೆ ದುಡ್ಡು ಬರುವುದು ದಾರಿಹೋಕರ ಜೇಬಿನಿಂದಲೇ ಅಲ್ವಾ? ಮಾಲ್ ಒಂದು ಬರುತ್ತದೆಂದರೆ ಇದೇ ಊರುಗಳು ತೆರಿಗೆ ಬಿಟ್ಟುಕೊಡಲು ಪೈಪೋಟಿಗೆ ಬೀಳುತ್ತವೆ.

ಅಪರಾಧದ ಪಟ್ಟಿಯಲ್ಲಿ ಸೇಂಟ್ ಲೂಯಿಸ್ ಸದಾ ಮೇಲಿರುವುದಕ್ಕೂ ಈ ಗಡಿ ಒಂದು ಕಾರಣ. ಸುತ್ತಲಿನ ಪ್ರದೇಶ ಸೇರಿದರೆ ಅಲ್ಲಿರುವುದು ಸುಮಾರು 28 ಲಕ್ಷ ಜನ. ಕೊಲೆಗಳನ್ನು ಭಾಗಿಸುವುದು ಮಾತ್ರ ನಡುವಿನ 3 ಲಕ್ಷದಿಂದ. ಆ ಪಟ್ಟಿ ನೋಡಿ ಹಿಂದೆ ಸರಿಯುವ ಕಂಪನಿಗೆ ಸ್ಕಿಂಕರ್ ರಸ್ತೆ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಅದು ಕೌಂಟಿಯನ್ನೂ ಬಿಟ್ಟು ಹೋಗುತ್ತದೆ.

ವಿರೋಧ: ಕೇಳಿದಾಗಲೆಲ್ಲ ಜನ ಬೇಡ ಅಂದಿದ್ದಾರೆ

ಕೂಡಿಸುವವರು ಇತಿಹಾಸ ಹೇಳುವಾಗ 1876ರಿಂದ ನೇರ ಇವತ್ತಿಗೆ ಹಾರುತ್ತಾರೆ. ನಡುವೆ ಏನಾಯಿತು ನೋಡಿ. 1926ರಲ್ಲಿ ಇಡೀ ಕೌಂಟಿಯನ್ನು ನುಂಗುವ ಯೋಜನೆಗೆ ನಗರ ಹೂಂ ಅಂದಿತು, ಕೌಂಟಿ ಉಹೂಂ ಅಂದಿತು. 1959ರಲ್ಲಿ ಎರಡಕ್ಕೂ ಸೇರಿ ಒಂದು ಜಂಟಿ ಮಂಡಳಿ ಮಾಡುವ ಯೋಜನೆಯನ್ನು ಎರಡೂ ಕಡೆಯವರು ತಳ್ಳಿಹಾಕಿದರು. 1962ರ ಕೂಡಿಸುವ ಯೋಜನೆ ಇಡೀ ರಾಜ್ಯದ ಮತದಾನದಲ್ಲೇ ಸೋತಿತು.

ಹಾಗಂತ ಜನ ಮೊಂಡರಲ್ಲ. 1954ರಲ್ಲಿ ಇಬ್ಬರಿಗೂ ಸೇರಿ ಒಂದೇ ಒಳಚರಂಡಿ ಮಂಡಳಿ ಬೇಕು ಅಂದಾಗ ಒಪ್ಪಿದರು. ಕೊಳಚೆ ನೀರಿಗೆ ಗಡಿ ಗೊತ್ತಾಗುವುದಿಲ್ಲವಲ್ಲ. 1971ರಲ್ಲಿ ಮೃಗಾಲಯ ಮತ್ತು ಮ್ಯೂಸಿಯಂಗಳಿಗಾಗಿ ಎರಡೂ ಕಡೆಯವರು ತೆರಿಗೆ ಕಟ್ಟಲು ಒಪ್ಪಿದರು. ಫಾರೆಸ್ಟ್ ಪಾರ್ಕ್‌ನ ಮೃಗಾಲಯಕ್ಕೆ ಇವತ್ತಿಗೂ ಪ್ರವೇಶ ಉಚಿತ. ಏನು ಸಿಗುತ್ತದೆ, ಎಷ್ಟು ಕೊಡಬೇಕು ಅಂತ ಸ್ಪಷ್ಟವಾಗಿದ್ದಾಗ ಜನ ಕೈ ಜೋಡಿಸಿದ್ದಾರೆ.

2019ರಲ್ಲಿ ಮತ್ತೆ ಬಂದ ಕೂಡಿಸುವ ಯೋಜನೆಯಲ್ಲಿ ಈ ಸ್ಪಷ್ಟತೆಯೇ ಇರಲಿಲ್ಲ. ನಗರ, ಕೌಂಟಿ ಸೇರಿ ಒಬ್ಬನೇ ಮೇಯರ್. ಒಪ್ಪಿಗೆ ಕೊಡಬೇಕಾದದ್ದು ಮಾತ್ರ ಇಡೀ ಮಿಸೌರಿ. ಅಂದರೆ ಕೌಂಟಿಯವರು ಬೇಡ ಅಂದರೂ ರಾಜ್ಯದ ಇನ್ನೊಂದು ತುದಿಯ ಕಾನ್ಸಾಸ್ ಸಿಟಿಯವರ ಮತದಿಂದ ಅದು ಪಾಸಾಗಬಹುದಿತ್ತು. ಮೊದಲ ಕರಡಿನಲ್ಲಿ ಕೌಂಟಿಯ ಆಗಿನ ಮುಖ್ಯಸ್ಥ ಸ್ಟೀವ್ ಸ್ಟೆಂಗರ್ ಚುನಾವಣೆ ಇಲ್ಲದೆಯೇ ಮೊದಲ ಮೇಯರ್ ಆಗುವ ಏರ್ಪಾಡಿತ್ತು. ಅದೇ ಏಪ್ರಿಲ್‌ನಲ್ಲಿ ಆತ ಭ್ರಷ್ಟಾಚಾರದ ಕೇಸಿನಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟ. ಮುಂದೆ 46 ತಿಂಗಳ ಜೈಲು. ಮೇ ತಿಂಗಳಲ್ಲಿ ಯೋಜನೆಯನ್ನೇ ವಾಪಸ್ ತೆಗೆದುಕೊಂಡರು. ಅಧಿಕಾರವೆಲ್ಲ ಒಬ್ಬನ ಕೈಯಲ್ಲಿ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಕಪ್ಪು ಜನರ ಆತಂಕ ಇನ್ನೂ ಗಟ್ಟಿಯಾದದ್ದು. ನಗರದಲ್ಲಿ ಅವರು ಅರ್ಧಕ್ಕೆ ಹತ್ತಿರ ಇದ್ದಾರೆ. ಎರಡನ್ನೂ ಕೂಡಿಸಿದರೆ ಮೂರರಲ್ಲಿ ಒಂದು ಪಾಲೂ ಇರುವುದಿಲ್ಲ. ನಗರದ ಪೊಲೀಸರನ್ನು 1861ರಿಂದ 2013ರವರೆಗೆ ಆಳಿದ್ದು ರಾಜ್ಯ ಸರ್ಕಾರ. ನಗರಕ್ಕೆ ಬಿಟ್ಟುಕೊಟ್ಟು ಹನ್ನೆರಡು ವರ್ಷವಾಗುವಷ್ಟರಲ್ಲಿ, 2025ರಲ್ಲಿ, ಮತ್ತೆ ಕಿತ್ತುಕೊಂಡಿತು. ಇಷ್ಟೆಲ್ಲ ಕಂಡವರಿಗೆ, ಇರುವ ಓಟಿನ ಬಲವನ್ನೂ ಬಿಟ್ಟುಕೊಡಿ ಅಂದರೆ ಒಪ್ಪುತ್ತಾರಾ?

ಗೆರೆ ಅಳಿಸಿದರೆ ಬಡತನ ಹಂಚಿಹೋಗುತ್ತದೆ ಅನ್ನುವುದೂ ಭ್ರಮೆ. ನಗರದೊಳಗೇ ಇರುವ ಡೆಲ್ಮಾರ್ ರಸ್ತೆ ನೋಡಿ. ಅದರ ಉತ್ತರಕ್ಕೆ ಹೆಚ್ಚಾಗಿ ಕಪ್ಪು ಜನ, ಪಾಳುಬಿದ್ದ ಮನೆಗಳು. ದಕ್ಷಿಣಕ್ಕೆ ದುಬಾರಿ ಬಂಗಲೆಗಳು. ಎರಡೂ ಬದಿಗೆ ಅದೇ ಮೇಯರ್, ಅದೇ ತೆರಿಗೆ. ಇನ್ನೊಂದು ಅಮೆರಿಕನ್ ನಗರ ಇಂಡಿಯಾನಾಪೊಲಿಸ್ 1970ರಲ್ಲಿ ತನ್ನ ಕೌಂಟಿಯ ಜೊತೆ ಒಂದಾಯಿತು. ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳಾದ ಶಾಲಾ ಜಿಲ್ಲೆಗಳನ್ನು ಮಾತ್ರ ಹಾಗೇ ಬೇರೆ ಬೇರೆ ಬಿಟ್ಟರು. ಒಂದಾದರೆ ಮಕ್ಕಳ ಪಾಡು ಸುಧಾರಿಸುತ್ತದೆ ಅನ್ನುವವರು ಇದನ್ನು ನೆನಪಿಡಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಮರುವರ್ಷ ಆ ಪಾಲಿಕೆಯನ್ನೇ ಐದಾಗಿ ಒಡೆದರು.

ಫರ್ಗುಸನ್‌ನಂಥ ಊರಿನ ದಂಡದ ಚಾಳಿಗೆ ಮದ್ದು ಬೇರೆ ಇದೆ. 2015ರಲ್ಲಿ ರಾಜ್ಯವೇ ಕಾನೂನು ತಂದು, ಟ್ರಾಫಿಕ್ ದಂಡದಿಂದ ಪುರಸಭೆ ಇಷ್ಟೇ ವರಮಾನ ಪಡೆಯಬಹುದು ಅಂತ ಮಿತಿ ಹಾಕಿತು. ಅದಕ್ಕೆ ಯಾವ ಗಡಿಯನ್ನೂ ಮುಟ್ಟಬೇಕಾಗಲಿಲ್ಲ. ಕೂಡಲೇಬೇಕು ಅನ್ನುವುದಾದರೆ ಮಿಸೌರಿ ಸಂವಿಧಾನದಲ್ಲೇ ಒಂದು ದಾರಿ ಇದೆ. ನಗರ ಒಂದು ಸಾಮಾನ್ಯ ಪುರಸಭೆಯಾಗಿ ಕೌಂಟಿಗೆ ವಾಪಸ್ ಸೇರಬಹುದು. ಅದಕ್ಕೆ ನಗರದವರೂ ಕೌಂಟಿಯವರೂ ಬೇರೆ ಬೇರೆಯಾಗಿ ಮತ ಹಾಕಿ ಒಪ್ಪಬೇಕು. ಆ ಮತದಾನಕ್ಕೆ ನಮ್ಮ ತಕರಾರಿಲ್ಲ.