ಬೇಗ ಬಂದವರಿಗೆ ಡಬಲ್ ದಂಡ

ರ‍್ಯಾಲಿಗೆ ಕಾರು ಇಳಿಸುವವರಿಗೆ ನನ್ನದೊಂದೇ ಸಲಹೆ: ದಾರಿ ಗೊತ್ತಿರುವವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಬೇಡಿ. ದಾರಿ ಗೊತ್ತಿಲ್ಲದವನು ಕೈಯಲ್ಲಿರುವ ರೋಡ್ ಬುಕ್ ನೋಡುತ್ತಾನೆ. ಗೊತ್ತಿರುವವನು ರೋಡ್ ಬುಕ್ಕಿನಲ್ಲಿ ತಪ್ಪು ಹುಡುಕುತ್ತಾನೆ. ನನ್ನ ದೊಡ್ಡಪ್ಪನಿಗೆ ಕೊಡಗಿನ ದಾರಿಗಳ ಜೊತೆ ಅವುಗಳ ವಂಶಾವಳಿಯೂ ಬಾಯಿಪಾಠ. ಯಾವ ಗೇಟು ಯಾರ ತೋಟದ್ದು, ಅದು ಮೊದಲು ಯಾರದಾಗಿತ್ತು, ಯಾಕೆ ಮಾರಿದರು, ಮಾರಿದ ದುಡ್ಡು ಯಾವ ಅಳಿಯನ ಕೈಸೇರಿತು, ಎಲ್ಲ ಹೇಳುತ್ತಾರೆ. ಅಷ್ಟು ಹೇಳುವುದರೊಳಗೆ ತಿರುವು ದಾಟಿಹೋಗಿರುತ್ತದೆ.

ಅವರನ್ನು ಮನೆಯಲ್ಲಿ ಬಿಟ್ಟು ಹೋಗುವ ಹಾಗಿರಲಿಲ್ಲ. ಕಾರು ಅವರದು.

ಕಾರೆಂದರೆ ಕಾಂಟೆಸ್ಸಾ. ಹಳೇ ಕಾರಿನ ಹುಚ್ಚು ಹಿಡಿದ ಹುಡುಗರು ಇದನ್ನು ಭಾರತದ ಮಸಲ್ ಕಾರ್, ಅಂದರೆ ಕಟ್ಟುಮಸ್ತು ಶಕ್ತಿಯ ಕಾರು, ಅನ್ನುತ್ತಾರೆ. ಉದ್ದ ಬಾನೆಟ್ಟು, ಚೌಕಟ್ಟಾದ ಮೈಕಟ್ಟು, ಹಿಂದಿನ ಚಕ್ರ ತಳ್ಳುವ ಗಾಡಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರೊಂದರ ವಿನ್ಯಾಸ ಇಟ್ಟುಕೊಂಡು ಹಿಂದೂಸ್ತಾನ್ ಮೋಟರ್ಸ್ ಇದನ್ನು 1984ರಲ್ಲಿ ಮಾರುಕಟ್ಟೆಗೆ ತಂದಿತು. ಮೊದಮೊದಲು ಅಂಬಾಸಿಡರಿನ ಒಂದೂವರೆ ಲೀಟರ್ ಇಂಜಿನ್ನೇ ಇದಕ್ಕೂ ಇತ್ತು. ಆಮೇಲೆ 1.8 ಲೀಟರಿನ ಇಸುಜು ಬಂತು, 88 ಅಶ್ವಶಕ್ತಿ. 2002ಕ್ಕೆ ತಯಾರಿಕೆ ನಿಂತಿತು. ಅಮೆರಿಕದ ಅಸಲಿ ಮಸಲ್ ಕಾರುಗಳ ಹಿರಿಯಣ್ಣ, 1964ರ ಪಾಂಟಿಯಾಕ್ ಜಿಟಿಒ, ಎಂಟು ಸಿಲಿಂಡರಿನ 6.4 ಲೀಟರ್ ವಿ8 ಇಂಜಿನ್ನಿನಲ್ಲಿ 325 ಕುದುರೆ ಕಟ್ಟಿಕೊಂಡಿತ್ತು. ನಮ್ಮ 88ರಲ್ಲಿ ಎಷ್ಟು ಕುದುರೆ ರಿಟೈರ್ ಆಗಿವೆ, ಎಷ್ಟು ರಜೆಯಲ್ಲಿವೆ ಎಂಬ ಲೆಕ್ಕ ದೊಡ್ಡಪ್ಪನ ಹತ್ತಿರವೂ ಇಲ್ಲ. ಆದರೂ ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಕೋವಿಯ ಪಕ್ಕ ನಿಲ್ಲಿಸಿ ಅದಕ್ಕೂ ಗಂಧ, ಹೂವು ಏರಿಸುವುದು ತಪ್ಪಿಲ್ಲ.

ಇಂಥ ಗಾಡಿ ಮಣ್ಣಿನ ದಾರಿಗೆ ಸರಿಯಾಗದು ಎಂದು ನಾನು ಓದಿಕೊಂಡೇ ಹೋಗಿ ವಾದಿಸಿದ್ದೆ. 1964ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಗೆ ಅಮೆರಿಕದಿಂದ ವಿ8 ಇಂಜಿನ್ನಿನ ಮರ್ಕ್ಯುರಿ ಕಾಮೆಟ್‌ಗಳ ಒಂದು ದಂಡೇ ಹೋಗಿತ್ತು. ಕೊನೆ ಮುಟ್ಟಿದ್ದು ಎರಡೇ. ಗೆದ್ದದ್ದು ಪುಟ್ಟ ಫೋರ್ಡ್ ಕಾರ್ಟಿನಾ. ಆದ್ದರಿಂದ ನನ್ನ ಮಾರುತಿಯಲ್ಲೇ ಹೋಗೋಣ ಎಂದೆ. ದೊಡ್ಡಪ್ಪ ಎಲ್ಲವನ್ನೂ ಕೇಳಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಅಲ್ಲಿಯ ಡ್ರೈವರುಗಳು ಸರಿ ಇರ್ಲಿಕ್ಕಿಲ್ಲ" ಎಂದರು.

ನಾವು ಹೆಸರು ಕೊಟ್ಟಿದ್ದು ಟಿಎಸ್‌ಡಿ ರ‍್ಯಾಲಿಗೆ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಈ ತುಂಡು ದಾರಿಯನ್ನು ಗಂಟೆಗೆ 32 ಕಿಲೋಮೀಟರ್ ಸರಾಸರಿಯಲ್ಲಿ ಮುಗಿಸಿ ಎಂದರೆ ಹಾಗೇ ಮುಗಿಸಬೇಕು. ಒಂದು ಸೆಕೆಂಡ್ ತಡವಾದರೆ ಒಂದು ಪೆನಾಲ್ಟಿ, ಒಂದು ಸೆಕೆಂಡ್ ಬೇಗ ಬಂದರೆ ಎರಡು. ಎಲ್ಲೋ ಮರದ ಮರೆಯಲ್ಲಿ ಮಾರ್ಷಲ್‌ಗಳು ವಾಚು ಹಿಡಿದು ಕೂತಿರುತ್ತಾರೆ, ಎಲ್ಲಿ ಎಂದು ಹೇಳುವುದಿಲ್ಲ. ಹೀಗೆ ಹೊತ್ತು ಬರೆದುಕೊಳ್ಳುವ ಜಾಗಕ್ಕೆ ಕಂಟ್ರೋಲ್ ಎಂದು ಹೆಸರು. ರೋಡ್ ಬುಕ್ಕಿನ ಪ್ರತಿ ಚೌಕದಲ್ಲೂ ಒಂದು ಉಂಡೆ, ಒಂದು ಬಾಣ. ಉಂಡೆ ಇರುವಲ್ಲಿ ನಾವು, ಬಾಣ ತೋರಿಸಿದ ಕಡೆ ದಾರಿ, ಪಕ್ಕದಲ್ಲಿ ಕಿಲೋಮೀಟರ್. ಹಾಲೆಂಡಿನ ಟ್ಯುಲಿಪ್ ರ‍್ಯಾಲಿಯಿಂದ ಬಂದ ಪದ್ಧತಿಯಾದ್ದರಿಂದ ಈ ಚಿತ್ರಗಳಿಗೂ ಟ್ಯುಲಿಪ್ ಎಂದೇ ಹೆಸರು.

ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಪುಟ ತಿರುವಿದರು. "ಊರಿನ ಹೆಸರೇ ಹಾಕಿಲ್ಲವಲ್ಲ ಮಾರಾಯ. ಇದನ್ನು ಮಾಡಿದವರು ಎಲ್ಲಿಯವರು?"

"ಬೆಂಗಳೂರಿನವರು ದೊಡ್ಡಪ್ಪ."

"ಹಾಗೆ ಹೇಳು." ಪುಸ್ತಕ ಮುಚ್ಚಿ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದರು.

ಹೊರಡುವ ಮುಂಚೆ ಮಡಿಕೇರಿಯಲ್ಲಿ ಗಾಡಿಗಳ ತಪಾಸಣೆ. ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ, ಎಳೆಯುವ ಹಗ್ಗ, ತ್ರಿಕೋನದ ಬೋರ್ಡು ಎಂದು ಟಿಕ್ ಹಾಕುತ್ತ ಬಂದ ಹುಡುಗ ನಮ್ಮ ಡಿಕ್ಕಿ ಎತ್ತಿ ಎರಡು ಹೆಜ್ಜೆ ಹಿಂದೆ ಹಾರಿದ. ಒಳಗಿದ್ದ ಬುಟ್ಟಿಯಿಂದ ಒಂದು ನಾಟಿ ಕೋಳಿ ಅವನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಒಂದು ಬಾಟಲಿ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿರಸ), ಒಂದು ಚೀಲ ಕಿತ್ತಳೆ. ದೊಡ್ಡಮ್ಮನ ಕೆಲಸ. "ಹೇಗೂ ಮಾದಾಪುರದ ಮೇಲೇ ಹೋಗ್ತೀರಲ್ಲ, ಚಿಕ್ಕಮ್ಮನ ಮನೆಗೆ ಇಷ್ಟು ಕೊಟ್ಟು ಹೋಗಿ" ಎಂದು ಬೆಳಗಿನ ಜಾವ ಇಟ್ಟಿದ್ದರಂತೆ. ಹುಡುಗ ನಿಯಮಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ. ಕೋಳಿಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಟಿಕ್ ಹಾಕಿದ.

ಮಕ್ಕಂದೂರು ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ, ನಾನು ಮೊದಲೇ ನೋಡಿಟ್ಟುಕೊಂಡಿದ್ದ ಬಾಣ ಬಲಕ್ಕೆ ತೋರಿಸಿತು, ದೊಡ್ಡಪ್ಪ ಎಡಕ್ಕೆ ತೋರಿಸಿದರು. "ಇವರು ಸುಮ್ಮನೆ ಸುತ್ತು ಹಾಕಿಸ್ತಿದ್ದಾರೆ. ಎಡಕ್ಕೆ ಹೊಡಿ, ಹತ್ತು ನಿಮಿಷ ಉಳಿಯುತ್ತೆ." ಹತ್ತು ನಿಮಿಷ ಉಳಿಸಿದರೆ ಸಾವಿರದ ಇನ್ನೂರು ಪೆನಾಲ್ಟಿ ಎಂದು ಲೆಕ್ಕ ಬಿಡಿಸಿ ಹೇಳಲು ಹಿರಿಯರ ಮುಂದೆ ನನಗೆ ಬಾಯಿ ಬರಲಿಲ್ಲ. ಎಡಕ್ಕೆ ಹೊಡೆದೆ. ಸಿಲ್ವರ್ ಓಕುಗಳ ನಡುವೆ ಕೆಂಪು ಮಣ್ಣಿನ ಇಳಿಜಾರು, ಹಿಂದಿನ ರಾತ್ರಿ ಬಿದ್ದ ಅಕಾಲ ಮಳೆಯ ಕೆಸರು. ಹಿಂದಿನ ಚಕ್ರಗಳು ತಮಗೆ ಬೇಕಾದ ಕಡೆ ಹೊರಟರೆ ಮುಂದಿನವು ನನ್ನ ಮರ್ಯಾದೆ ಕಾಯುತ್ತಿದ್ದವು. ಒಂದು ತಿರುವು ಕಳೆದದ್ದೇ ದೊಡ್ಡಪ್ಪ "ನಿಲ್ಸು" ಎಂದರು.

ಎದುರಿಗೆ ರಸ್ತೆ ಇರಲಿಲ್ಲ. 2018ರ ಆಗಸ್ಟಿನಲ್ಲಿ ಈ ಭಾಗದ ಗುಡ್ಡಗಳು ಜಾರಿದಾಗ ಅದೂ ಹೋಗಿದೆ. ಹುಲ್ಲು ಹತ್ತಿದ ಕಡಿದಾದ ಮಣ್ಣು, ಕೆಳಗೆಲ್ಲೋ ನೀರಿನ ಸದ್ದು. ದೊಡ್ಡಪ್ಪ ಇಳಿದು ಅಂಚಿನವರೆಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು ನಿಂತು, "ಇಲ್ಲೇ ಇತ್ತು" ಎಂದರು. ಕೂಗಿ ಕರೆದರೂ ಸ್ವಲ್ಪ ಹೊತ್ತು ಬರಲಿಲ್ಲ. ಬಂದು ಕೂತಮೇಲೆ ಅವರು ಡಬ್ಬಿಯಿಂದ ರೋಡ್ ಬುಕ್ ಹೊರಗೆ ತೆಗೆದದ್ದು ಆ ದಿನದ ಮೊದಲ ಶುಭ ಸೂಚನೆ.

ಆದರೆ ನಾವು ಯಾವ ಉಂಡೆಯ ಮೇಲಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. "ಮರದ ಹತ್ತಿರ ಎಡಕ್ಕೆ" ಎಂದು ದೊಡ್ಡಪ್ಪ ಓದಿದರು. ಕೊಡಗಿನಲ್ಲಿ ಮರದ ಹತ್ತಿರ ಎಂದರೆ ಎಲ್ಲಿ ಬೇಕಾದರೂ ಆಗಬಹುದು. ತಿರುಗಿದೆವು. ಗೇಟು ದಾಟಿ ಬಂದು ನಿಂತಿದ್ದು ಒಂದು ತೋಟದ ಕಾಫಿ ಕಣದ ಅಂಚಿನಲ್ಲಿ. ಕಣದ ತುಂಬ ಕೆಂಪಗೆ ಅರೇಬಿಕಾ ಹಣ್ಣು ಹರಡಿದ್ದಾರೆ. ಕಾಫಿ ಕೆದಕುತ್ತಿದ್ದ ಹೆಂಗಸು ಮರದ ಹಲಗೆಯನ್ನು ಈಟಿಯ ಹಾಗೆ ಎತ್ತಿ ಹಿಡಿದು "ಕಾಫಿ ಮೇಲೆ ಹತ್ತಿಸಿದ್ರೆ ನೋಡಿ!" ಎಂದು ಕೂಗಿದಳು. ನಾಲ್ಕೂವರೆ ಮೀಟರ್ ಮೀರಿದ ಕಾರನ್ನು ಕಾಫಿಗೂ ಗೋದಾಮಿನ ಗೋಡೆಗೂ ನಡುವೆ ತಿರುಗಿಸಬೇಕು, ಪವರ್ ಸ್ಟೀರಿಂಗ್ ಇಲ್ಲ. ತೋಟದ ಲೆಕ್ಕ ಬರೆಯುವ ರೈಟರು ಬಂದು "ಬರ್ಲಿ, ಬರ್ಲಿ, ಒಡೀರಿ ಒಡೀರಿ, ಸಾಕೂ..." ಎಂದು ಗೋಡೆ ತಟ್ಟಿದರು. ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ. ನನ್ನ ಅಂಗಿ ಬೆನ್ನಿಗಂಟಿತು. ಚಕ್ರದ ಪಕ್ಕದಲ್ಲೇ ಹಲಗೆ ಹಿಡಿದು ನಡೆಯುತ್ತಿದ್ದ ಹೆಂಗಸು ಬದಿಗೆ ಸರಿದಿದ್ದ ಒಂದೊಂದು ಹಣ್ಣನ್ನೂ ಒಳಗೆ ತಳ್ಳಿಕೊಳ್ಳುತ್ತಿದ್ದಳು. ಕೊನೆಗೆ ಮೂತಿ ಗೇಟಿನ ಕಡೆ ತಿರುಗಿತು. ರೈಟರು ಕಿಟಕಿಗೆ ಬಗ್ಗಿ ಮೆಲ್ಲಗೆ ಕೇಳಿದರು: "ಗಾಡಿ ಕೊಡೋದಿದ್ಯಾ?"

ಈ ಪ್ರಶ್ನೆಗೆ ದೊಡ್ಡಪ್ಪ 'ಇಲ್ಲ' ಎಂದು ಹೇಳಿ ಮುಗಿಸುವವರಲ್ಲ. ಯಾವ ವರ್ಷದ್ದು, ಎಷ್ಟಕ್ಕೆ ತಗೊಂಡದ್ದು, ಯಾರ್ಯಾರ ಮದುವೆಯ ದಿಬ್ಬಣಕ್ಕೆ ಹೋಗಿತ್ತು ಎಂಬುದೆಲ್ಲ ಆದಮೇಲೆ 'ಇಲ್ಲ' ಬರುತ್ತದೆ. ಅಷ್ಟರಲ್ಲಿ ನಮ್ಮ ಹಿಂದೆ ಹೊರಟಿದ್ದ ಜೀಪುಗಳೆಲ್ಲ ಮುಂದೆ ಹೋಗಿದ್ದವು.

ಹಟ್ಟಿಹೊಳೆಯ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿತು. ರೇಡಿಯೇಟರಿನ ಹೋಸು ಹಳತಾಗಿ ಕ್ಲಿಪ್ಪಿನ ಪಕ್ಕದಲ್ಲೇ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಹಬೆಯ ಸಣ್ಣ ಪಿಚಕಾರಿ. ದೊಡ್ಡಪ್ಪ ಸೀಟಿನ ಕೆಳಗಿಂದ ಹಳೇ ಸೈಕಲ್ ಟ್ಯೂಬ್ ತೆಗೆದು, ಕತ್ತಿಯಿಂದ ಉದ್ದುದ್ದ ಸೀಳಿ, ಎಳೆದೆಳೆದು ಒಂದರ ಮೇಲೊಂದು ಸುತ್ತಿ ಗಂಟು ಹಾಕಿದರು. ನಾನು ತೋಡಿನಿಂದ ನೀರು ಹೊತ್ತೆ. ಜಿಗಣೆಗಳು ನನ್ನ ಕಾಲಿಂದ ತಮ್ಮ ಪಾಲು ತೆಗೆದುಕೊಂಡವು. ಆ ಸುತ್ತು ಎರಡೂ ದಿನ ತಡೆಯಿತು. ರಿಪೇರಿಯ ವಿಷಯದಲ್ಲಿ ದೊಡ್ಡಪ್ಪನ ಮೇಲೆ ನನ್ನದೇನೂ ದೂರಿಲ್ಲ.

ಮಾದಾಪುರದಲ್ಲಿ ಕೋಳಿ ಇಳಿಯಿತು. ಕೋಳಿ ಕೊಟ್ಟು ಹಾಗೇ ಬರುವುದುಂಟೇ? ಅಕ್ಕಿರೊಟ್ಟಿ, ಚಟ್ನಿ, ಕಾಫಿ. ಎದೆಗೆ ನಂಬರ್ ಕಟ್ಟಿಕೊಂಡು ರೊಟ್ಟಿ ತಿನ್ನುತ್ತಿದ್ದ ನನ್ನನ್ನು ನೋಡಿ ಚಿಕ್ಕಮ್ಮ, "ಇದು ಯಾವ ಪರೀಕ್ಷೆಗೆ?" ಎಂದು ಕೇಳಿದರು.

ಇಷ್ಟಾದ ಮೇಲೆ ತಡವಾಗಿಯಾದರೂ ಮರ್ಯಾದೆಯಿಂದ ಮುಗಿಸಬಹುದಿತ್ತು. ಸೋಮವಾರಪೇಟೆ ದಾಟಿ ಶಾಂತಳ್ಳಿ ಕಡೆ ಹೊರಟಾಗ ದೊಡ್ಡಪ್ಪನಿಗೆ ಇನ್ನೊಂದು ಒಳದಾರಿ ನೆನಪಾಯಿತು. ಈ ಸಲ ದಾರಿ ಇತ್ತು. ಎಷ್ಟು ಚೆನ್ನಾಗಿತ್ತು ಎಂದರೆ, ಕಳೆದುಕೊಂಡ ಹೊತ್ತನ್ನೆಲ್ಲ ತುಂಬಿಸಿಕೊಂಡು ಹನ್ನೊಂದು ನಿಮಿಷ ಮುಂಚಿತವಾಗಿ, ಮಾರ್ಷಲ್‌ಗಳ ಬೆನ್ನ ಹಿಂದಿನಿಂದ ಕಂಟ್ರೋಲಿಗೆ ಬಂದೆವು. ಸಡಕಿನ ಕಡೆ ಮುಖಮಾಡಿ ಕೂತಿದ್ದ ಹುಡುಗಿ ಹಾರ್ನಿಗೆ ಬೆಚ್ಚಿ ಕುರ್ಚಿಯಿಂದೆದ್ದಳು. ದೊಡ್ಡಪ್ಪ ಗೆದ್ದವರ ಗತ್ತಿನಲ್ಲಿ ಕಾರ್ಡು ಚಾಚಿದರು. ಅವಳು ಬರೆದುಕೊಟ್ಟ ಅಂಕಿ ನೋಡಿ, "ಬೇಗ ಬಂದದ್ದಕ್ಕೂ ದಂಡವಾ?" ಎಂದರು. ನಡುವೆ ಎರಡು ಗುಪ್ತ ಕಂಟ್ರೋಲ್ ತಪ್ಪಿಸಿದ್ದಕ್ಕೆ ಬೇರೆ ದಂಡ ಇದೆ ಎಂದು ಅವಳು ಸೇರಿಸಿದಳು.

ಎರಡನೇ ದಿನ ಅಮ್ಮತ್ತಿ, ಸಿದ್ದಾಪುರ ಕಡೆಯ ದಾರಿಗಳಲ್ಲಿ ವಿಶೇಷವೇನೂ ನಡೆಯಲಿಲ್ಲ. ದೊಡ್ಡಪ್ಪ ದಾರಿ ಹೇಳಲೇ ಇಲ್ಲ. ಅವರು ಮಡಿಲಲ್ಲಿ ರೋಡ್ ಬುಕ್ ಅಡಿಗಿಟ್ಟುಕೊಂಡು, ಕಾಫಿ ಕ್ಯೂರಿಂಗ್ ಬಿಲ್ಲಿನ ಹಿಂಭಾಗದಲ್ಲಿ ಏನೋ ಬರೆಯುತ್ತಿದ್ದರು. ಸಂಜೆ ಬಹುಮಾನ ಹಂಚುವ ಮೊದಲೇ ಅದನ್ನು ದೂರು ವಿಚಾರಿಸುವ ಸ್ಟೀವರ್ಡ್ ಮುಂದೆ ಹಿಡಿದರು. "ಮಾನ್ಯರೇ" ಎಂದು ಶುರು. ಒಂದು, ಗುಡ್ಡ ಜಾರಿದ ಜಾಗದಲ್ಲಿ ಬೋರ್ಡು ಇಲ್ಲ. ಎರಡು, ಊರಿನ ಹೆಸರು ಹಾಕದಿರುವುದು ಊರಿಗೆ ಅವಮಾನ. ಮೂರು, ಹೇಳಿದ ಹೊತ್ತಿಗಿಂತ ಮೊದಲು ಬರುವುದು ನಮ್ಮಲ್ಲಿ ಗೌರವ, ಅದಕ್ಕೆ ದಂಡ ಹಾಕುವುದು ಸಂಪ್ರದಾಯಕ್ಕೆ ವಿರುದ್ಧ.

ಸ್ಟೀವರ್ಡ್ ಪೂರ್ತಿ ಓದಿದ. ಲಿಖಿತ ಪ್ರೊಟೆಸ್ಟಿಗೆ ಶುಲ್ಕ ಕಟ್ಟಬೇಕು ಎಂದು ವಿನಯದಿಂದ ಹೇಳಿ ಮೊತ್ತ ತಿಳಿಸಿದ.

"ದೂರು ಕೊಡೋಕೂ ದುಡ್ಡಾ?" ದೊಡ್ಡಪ್ಪ ಕಾಗದ ವಾಪಸ್ ಇಸಿದುಕೊಂಡು ನಾಲ್ಕಾಗಿ ಮಡಚಿದರು. ಈಗಲೂ ಅದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇದೆ. ಮುಂದಿನ ವರ್ಷಕ್ಕೆ ತಾರೀಕು ತಿದ್ದಿದರೆ ಸಾಕಂತೆ.